ನರ ಸಿಗದವರ ಚರಿತ್ರೆ

"ನರ ಸಿಗವಲ್ದು." ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಈ ಮಾತು ಕಿವಿಗೆ ಬೀಳದೆ ಒಂದು ದಿನ ಕಳೆಯುವುದು ಕಷ್ಟ. ಸಲೈನ್ ಹಚ್ಚಲು ಬಂದ ನರ್ಸಮ್ಮ ರೋಗಿಯ ತೋಳಿಗೆ ರಬ್ಬರಿನ ಪಟ್ಟಿ ಬಿಗಿದು, ಮುಂಗೈ ಮೇಲೆ ಎರಡು ಬೆರಳಿನಿಂದ ತಟ್ಟಿ, ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಕೊನೆಗೆ ಪಕ್ಕದಲ್ಲಿ ನಿಂತವರಿಗೆ ಹೇಳುವ ಮಾತು ಅದು. ಶಾಲೆಯ ಪಠ್ಯಪುಸ್ತಕ ಆ ನಾಳವನ್ನು ಅಭಿಧಮನಿ ಎನ್ನುತ್ತದೆ. ನರವೆಂದರೆ ಪುಸ್ತಕಕ್ಕೆ ಬೇರೆಯೇ ವಸ್ತು, ಮೆದುಳಿಗೆ ಸುದ್ದಿ ಒಯ್ಯುವ ತಂತು. ಜನರಿಗೆ ಮಾತ್ರ ಚರ್ಮದ ಕೆಳಗೆ ಹಸಿರಾಗಿ ಉಬ್ಬಿ ಕಾಣುವುದೆಲ್ಲ ನರವೇ. ಅದನ್ನು ತಿದ್ದುವ ಉತ್ಸಾಹ ನನಗಿಲ್ಲ. ಇಲ್ಲಿಯೂ ನರ ಎಂದೇ ಬರೆಯುತ್ತೇನೆ.

ಜ್ವರಕ್ಕೆ ಸಲೈನ್ ಹಚ್ಚಿಸಿಕೊಳ್ಳುವವನಿಗೆ ನರ ಸಿಗದಿದ್ದರೆ ನಾಲ್ಕು ಸಲ ಚುಚ್ಚಿಸಿಕೊಂಡ ನೋವಷ್ಟೇ. ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳುವವರ ವಿಷಯ ಹಾಗಲ್ಲ. ಅವರಿಗೆ ಮೂರು ವಾರಕ್ಕೊಮ್ಮೆ, ಕೆಲವರಿಗೆ ವಾರಕ್ಕೊಮ್ಮೆ, ತಿಂಗಳುಗಟ್ಟಲೆ ಔಷಧ ಹೋಗಬೇಕು. ಹೋಗುವ ಔಷಧವೂ ಸಾಧುವಲ್ಲ. ಹೇಮಗುಡ್ಡದ ದುರ್ಗಾದೇವಿಯ ಗುಡಿಗೆ ಹೋಗುವ ದಾರಿಯ ಊರುಗಳಲ್ಲಿ ಮನೆಯಂಗಳದಲ್ಲಿ ನೀರು ಹಾಕದಿದ್ದರೂ ಹೂಬಿಡುವ ನಿತ್ಯಪುಷ್ಪದ ಗಿಡವನ್ನು ನೋಡಿರುತ್ತೀರಿ. ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. 1958ರಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಗಿಡದ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ 1963ರಲ್ಲಿ ಬಳಕೆಗೆ ಬಂತು, ರಕ್ತದ ಕ್ಯಾನ್ಸರಿನ ಮಕ್ಕಳನ್ನು ಬದುಕಿಸಿತು. ಇಟಲಿಯ ಒಂದು ಹಳೆಯ ಕೋಟೆಯ ಹತ್ತಿರದ ಮಣ್ಣಿನ ಸೂಕ್ಷ್ಮಜೀವಿಯಿಂದ ಹುಟ್ಟಿದ ಕೆಂಪು ಔಷಧ ಡಾಕ್ಸೊರೂಬಿಸಿನ್. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದಿಲ್ಲದೆ ಬಹಳ ಕಾಲ ಮಾತೇ ಇರಲಿಲ್ಲ. ಇವೆರಡಕ್ಕೂ ಒಂದೇ ಕೆಟ್ಟ ಗುಣ. ನರದೊಳಗೆ ಇರುವವರೆಗೆ ಔಷಧ. ಸೂಜಿ ಸರಿದು ಒಂದಿಷ್ಟು ಹೊರಗೆ ಸೋರಿತೋ, ಚರ್ಮ, ಮಾಂಸ ಸುಟ್ಟಂತೆ ಕೊಳೆತು ಹುಣ್ಣಾಗುತ್ತದೆ. ಸೋರದಿದ್ದರೂ ಮುಂಗೈಯ ಸಣ್ಣ ನರ ನಾಲ್ಕಾರು ಸುತ್ತಿಗೆ ಕಪ್ಪಾಗಿ, ಹಗ್ಗದಂತೆ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಸ್ತನದ ಶಸ್ತ್ರಚಿಕಿತ್ಸೆ ಆದ ಹೆಣ್ಣುಮಕ್ಕಳಿಗಂತೂ ಆ ಬದಿಯ ಕೈಗೆ ಸೂಜಿ ಹಾಕುವಂತಿಲ್ಲ ಎನ್ನುತ್ತಾರೆ. ಉಳಿದದ್ದು ಒಂದೇ ಕೈ.

ಹಾಗಾಗಿ ಕೈಯ ನರ ಬಿಟ್ಟು, ಎದೆಯೊಳಗೆ ಹೃದಯಕ್ಕೆ ಸೇರುವ ದೊಡ್ಡ ನರಕ್ಕೇ ಒಂದು ಕಾಯಂ ದಾರಿ ಮಾಡಿಕೊಳ್ಳಬೇಕು ಎಂಬ ಯೋಚನೆ ಬಂತು. ಅಲ್ಲಿ ನಿಮಿಷಕ್ಕೆ ಸುಮಾರು ಎರಡು ಲೀಟರ್ ರಕ್ತ ಹರಿಯುತ್ತದೆ. ಬಾವಿಯ ನೀರಿಗೆ ಹಾಕಿದರೆ ಕಹಿಯಾಗುವ ವಸ್ತು ತುಂಗಭದ್ರೆಯ ಪ್ರವಾಹಕ್ಕೆ ಬಿದ್ದರೆ ಗೊತ್ತೇ ಆಗುವುದಿಲ್ಲವಲ್ಲ, ಹಾಗೆ. ಈ ದಾರಿ ಮಾಡಲು ಮನುಷ್ಯರಿಗೆ ಮುನ್ನೂರು ವರ್ಷ ಹಿಡಿಯಿತು.

1656ರಲ್ಲಿ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದ ವಾಸ್ತುಶಿಲ್ಪಿ, ಹಕ್ಕಿಯ ಗರಿಯ ಕಡ್ಡಿಯನ್ನೂ ಪ್ರಾಣಿಯ ಮೂತ್ರಕೋಶವನ್ನೂ ಜೋಡಿಸಿ ನಾಯಿಯ ನರಕ್ಕೆ ಔಷಧ ಹಾಯಿಸಿದ. ಅದು ಕುತೂಹಲದ ಆಟವಾಗಿಯೇ ಉಳಿಯಿತು. ಅಗತ್ಯ ಒದಗಿದ್ದು ಕಾಲರಾ ಬಂದಾಗ. 1831ರ ಕೊನೆಗೆ ಇಂಗ್ಲೆಂಡಿಗೆ ಕಾಲರಾ ಮುಟ್ಟಿತು. ಐರ್ಲೆಂಡಿನ ತರುಣ ವೈದ್ಯ ವಿಲಿಯಂ ಬ್ರೂಕ್ ಓಶಾಹ್ನೆಸಿ ರೋಗಿಗಳ ರಕ್ತ ಪರೀಕ್ಷಿಸಿ, ಇವರು ಸಾಯುತ್ತಿರುವುದು ನೀರು ಮತ್ತು ಉಪ್ಪು ಕಳೆದುಕೊಂಡು, ಅದನ್ನು ನರದ ಮೂಲಕವೇ ತಿರುಗಿ ಕೊಡಬೇಕು ಎಂದ. ಮರುವರ್ಷ, 1832ರಲ್ಲಿ, ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲ್ಯಾಟಾ ಅದನ್ನು ಮಾಡಿಯೇ ತೋರಿಸಿದ. ಆತನ ಮೊದಲ ರೋಗಿ ಸಾವಿನಂಚಿನಲ್ಲಿದ್ದ ಮುದುಕಿ. ಉಪ್ಪುನೀರು ಒಳಗೆ ಹೋಗುತ್ತಿದ್ದಂತೆ ಗುಳಿಬಿದ್ದ ಕಣ್ಣು ತೆರೆದವು, ನಾಡಿ ಮರಳಿತು. ಇನ್ನು ಚಿಂತೆಯಿಲ್ಲವೆಂದು ಲ್ಯಾಟಾ ಆಕೆಯನ್ನು ಆಸ್ಪತ್ರೆಯ ಇನ್ನೊಬ್ಬ ವೈದ್ಯನ ವಶಕ್ಕೆ ಬಿಟ್ಟು ಹೋದ. ವಾಂತಿ ಭೇದಿ ಮತ್ತೆ ಶುರುವಾಯಿತು, ಆದರೆ ನೀರು ಕೊಡುವುದು ಮತ್ತೆ ಶುರುವಾಗಲಿಲ್ಲ. ಆಕೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ನರಕ್ಕೆ ದಾರಿ ಮಾಡುವುದು ಒಂದು ಕೆಲಸ, ದಾರಿಯನ್ನು ತೆರೆದಿಡುವುದು ಇನ್ನೊಂದು ಕೆಲಸ. ಎರಡನೆಯದು ದೊಡ್ಡದು ಎಂಬುದು ಆ ಮುದುಕಿಯ ಸಾವಿನಲ್ಲೇ ಇತ್ತು. ಯಾರೂ ಬಹಳ ಕಾಲ ಗಮನಿಸಲಿಲ್ಲ.

ಓಶಾಹ್ನೆಸಿಯ ಕಥೆ ಇಲ್ಲಿಗೇ ನಿಲ್ಲುವುದಿಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಹೇಳಿಬಿಡುತ್ತೇನೆ. ಆತ 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಕಲ್ಕತ್ತೆಗೆ ಬಂದ, ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ, ಆಮೇಲೆ ವೈದ್ಯಕೀಯವನ್ನು ಬದಿಗಿಟ್ಟು ಇಡೀ ಹಿಂದೂಸ್ತಾನಕ್ಕೆ ಟೆಲಿಗ್ರಾಫ್ ತಂತಿ ಎಳೆದ. 1857-58ರ ಬಂಡಾಯವನ್ನು ಹತ್ತಿಕ್ಕಲು ಬ್ರಿಟಿಷರಿಗೆ ದೊಡ್ಡ ಆಸರೆಯಾದದ್ದು ಅದೇ ತಂತಿ. ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಹೋರಾಡಿ ಮಡಿದದ್ದು 1858ರಲ್ಲಿ. ನರಕ್ಕೆ ನೀರು ಕೊಡಿ ಎಂದ ಮನುಷ್ಯ ನಮ್ಮ ಸೀಮೆಯ ಚರಿತ್ರೆಯನ್ನು ತಾಗಿ ಹೋದದ್ದು ಹೀಗೆ, ಬೇರೊಂದು ತಂತಿಯ ಮೂಲಕ.

ಮುಂದಿನ ಹೆಸರು ವೆರ್ನರ್ ಫೋರ್ಸ್‌ಮನ್. 1929ರ ಬೇಸಿಗೆ, ಬರ್ಲಿನ್ನಿನ ಹತ್ತಿರದ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆ. ಈತ ಆಗಷ್ಟೇ ವೈದ್ಯನಾದ ಹುಡುಗ. ತೋಳಿನ ನರದಿಂದ ಕೊಳವೆ ತೂರಿಸಿದರೆ ಹೃದಯ ಮುಟ್ಟಬಹುದು, ಮನುಷ್ಯ ಸಾಯುವುದಿಲ್ಲ ಎಂಬುದು ಆತನ ನಂಬಿಕೆ. ಮೇಲಧಿಕಾರಿ ಬೇಡವೆಂದ. ಸಲಕರಣೆಯ ಕೋಣೆಯ ಬೀಗದ ಕೈ ಇದ್ದದ್ದು ನರ್ಸ್ ಗೆರ್ಡಾ ಡಿಟ್ಸೆನ್ ಕೈಯಲ್ಲಿ. ಆಕೆಯನ್ನು ಒಪ್ಪಿಸಿದ, ಪ್ರಯೋಗವನ್ನು ನನ್ನ ಮೇಲೆಯೇ ಮಾಡಿ ಎಂದು ಆಕೆಯೇ ಮುಂದೆ ಬಂದಳು. ಫೋರ್ಸ್‌ಮನ್ ಅವಳನ್ನು ಮೇಜಿಗೆ ಕಟ್ಟಿ, ಅವಳ ತೋಳಿಗೆ ಅಯೋಡಿನ್ ಸವರುವ ನಾಟಕವಾಡುತ್ತ, ತನ್ನದೇ ಎಡಮೊಣಕೈಯ ಒಳಬದಿ ಕೊಯ್ದುಕೊಂಡು ಮೂತ್ರನಾಳಕ್ಕೆ ಬಳಸುವ 65 ಸೆಂಟಿಮೀಟರ್ ಉದ್ದದ ಕೊಳವೆಯನ್ನು ಒಳಗೆ ನೂಕಿದ. ಆಮೇಲೆ ಕಟ್ಟು ಬಿಚ್ಚಿದ. ಕೊಳವೆ ತೋಳಿನಲ್ಲಿರುವಂತೆಯೇ ಇಬ್ಬರೂ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ಹೋದರು. ಕೊಳವೆಯ ತುದಿ ಹೃದಯದೊಳಗಿತ್ತು. ದೊಡ್ಡ ಆಸ್ಪತ್ರೆಗಳು ಅವನನ್ನು ಹುಚ್ಚನೆಂದು ತಳ್ಳಿದವು. ಆತ ಮೂತ್ರರೋಗಗಳ ವೈದ್ಯನಾದ, ನಾಜಿ ಪಕ್ಷ ಸೇರಿದ, ಯುದ್ಧಕೈದಿಯಾದ. ಅಮೆರಿಕದಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಅವನ ದಾರಿಯನ್ನು ಮುಂದುವರಿಸಿದ್ದರಿಂದ 1956ರಲ್ಲಿ ಮೂವರಿಗೂ ನೊಬೆಲ್ ಬಂತು. ಇಂಥ ಕಥೆಗಳಲ್ಲಿ ಧೀರ ಪುರುಷನನ್ನೇ ನೋಡುವುದು ನಮಗೆ ರೂಢಿ. ನನಗೆ ಬೀಗದ ಕೈಯ ಆ ನರ್ಸಮ್ಮ ಹೆಚ್ಚು ಕಾಣುತ್ತಾಳೆ.

ಇದಾದ ಮೇಲೆ ಕೈಚಳಕದ ಎರಡು ಹೆಜ್ಜೆ. 1952ರಲ್ಲಿ ಫ್ರಾನ್ಸಿನ ಒಬಾನಿಯಾಕ್ ಕೊರಳ ಎಲುಬಿನ ಕೆಳಗಿನ ದೊಡ್ಡ ನರಕ್ಕೆ ಸೂಜಿ ಹಾಕುವ ದಾರಿ ತೋರಿಸಿದ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ಮೊದಲು ಸೂಜಿ, ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಕೊಳವೆ, ಹೀಗೆ ಒಂದರ ಬೆನ್ನಿಗೊಂದನ್ನು ಜಾರಿಸುವ ಉಪಾಯ ಕಂಡ. ಇಂದಿಗೂ ಅದೇ ನಡೆಯುತ್ತಿದೆ.

ಆದರೆ ಈ ಕೊಳವೆಗಳೆಲ್ಲ ಹಾಸಿಗೆ ಹಿಡಿದವರಿಗೆ. ಕೆಲವು ದಿನ ಇರುತ್ತಿದ್ದವು, ಸೋಂಕಾದರೆ ತೆಗೆಯುತ್ತಿದ್ದರು. ರೋಗಿ ಕೊಳವೆ ಹೊತ್ತು ಮನೆಗೆ ಹೋಗಬಹುದು ಎಂಬ ಯೋಚನೆ ಕ್ಯಾನ್ಸರ್ ವಾರ್ಡಿನಿಂದ ಬರಲಿಲ್ಲ, ಕಿಡ್ನಿ ವಾರ್ಡಿನಿಂದ ಬಂತು. ಡಯಾಲಿಸಿಸ್ ಯಂತ್ರವಿತ್ತು, ಪ್ರತಿ ಸಲವೂ ಹೊಸದಾಗಿ ನಾಳ ಕೊಯ್ದು ಗಾಜಿನ ನಳಿಕೆ ಕೂರಿಸಬೇಕಿತ್ತು. ಕೆಲವು ಸಲಕ್ಕೆ ಕೈಕಾಲಿನ ನಾಳಗಳು ಮುಗಿದುಹೋಗುತ್ತಿದ್ದವು, ಅಲ್ಲಿಗೆ ರೋಗಿಯೂ ಮುಗಿದ. ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಕಾಯಂ ಕೂರಿಸಿದ. ಒಮ್ಮೆಗೇ ಸಾವಿರಾರು ಜನ ಬದುಕಬಹುದಾಯಿತು, ಯಂತ್ರಗಳು ಮಾತ್ರ ಬೆರಳೆಣಿಕೆ. ಯಾರನ್ನು ಉಳಿಸಬೇಕು ಎಂದು ತೀರ್ಮಾನಿಸಲು ಊರಿನ ಕೆಲವು ಗೃಹಸ್ಥರ ಸಮಿತಿಯೊಂದನ್ನು ಮಾಡಿದರು. ಅವರು ನೌಕರಿ, ಸಂಸಾರ, ಚರ್ಚಿಗೆ ಹೋಗುವ ರೂಢಿ ಎಲ್ಲವನ್ನೂ ತೂಗಿದರು. 1962ರಲ್ಲಿ ಲೈಫ್ ಪತ್ರಿಕೆ ಅದನ್ನು ಬಯಲಿಗೆ ತಂದಾಗ ದೇಶ ಬೆಚ್ಚಿಬಿತ್ತು. ನಮ್ಮಲ್ಲಿ ಅಂಥ ಸಮಿತಿ ಕೂತಿಲ್ಲ. ಬಸ್ಸಿನ ಖರ್ಚು, ಕೂಲಿ ಬಿಟ್ಟ ದಿನಗಳು, ಜೊತೆಗೆ ಬರಲು ಯಾರೂ ಇಲ್ಲದಿರುವುದು, ಇವೇ ಸದ್ದಿಲ್ಲದೆ ಆ ಕೆಲಸ ಮಾಡಿವೆ.

ಸ್ಕ್ರಿಬ್ನರನ ಬಳಗದವನೇ ಬ್ರೋವಿಯಾಕ್. ಕರುಳು ಕೆಟ್ಟು ಏನೂ ತಿನ್ನಲಾಗದವರಿಗೆ ಮನೆಯಲ್ಲೇ ನರದ ಮೂಲಕ ಆಹಾರ ಕೊಡಲು 1973ರಲ್ಲಿ ಆತ ಸಿಲಿಕೋನ್ ರಬ್ಬರಿನ ಮೆತ್ತನೆಯ ಕೊಳವೆ ಮಾಡಿದ. ಅದರಲ್ಲಿ ಎರಡು ಜಾಣತನವಿತ್ತು. ಕೊಳವೆ ನರದಿಂದ ನೇರ ಹೊರಬರದೆ, ಎದೆಯ ಚರ್ಮದಡಿ ಒಂದು ಗೇಣು ಸುರಂಗದಲ್ಲಿ ಸಾಗಿ ಬೇರೆ ಕಡೆ ಹೊರಬರುತ್ತಿತ್ತು. ಸುರಂಗದ ನಡುವೆ ಕೊಳವೆಗೆ ಡೇಕ್ರಾನ್ ಬಟ್ಟೆಯ ಸಣ್ಣ ಪಟ್ಟಿ. ಕೆಲವು ವಾರದಲ್ಲಿ ಮೈಯ ಮಾಂಸವೇ ಅದರ ಎಳೆಗಳೊಳಗೆ ಬೆಳೆದು, ಕೊಳವೆ ಜಾರದಂತೆ, ಹೊರಗಿನ ಕ್ರಿಮಿ ಒಳಗೆ ನುಸುಳದಂತೆ ಗೋಡೆ ಕಟ್ಟುತ್ತಿತ್ತು. ಹಳೆಯ ಕೋಟೆಗಳ ಬಾಗಿಲು ನೇರ ಇರುವುದಿಲ್ಲ. ಒಂದೆರಡು ತಿರುವು ಹಾಯ್ದೇ ಒಳಗೆ ಹೋಗಬೇಕು. ಕಂಪಿಲರಾಯ, ಕುಮಾರರಾಮರ ಕಥೆ ಕೇಳಿ ಬೆಳೆದ ಹೇಮಗುಡ್ಡದವರಿಗೆ ಬ್ರೋವಿಯಾಕನ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ.

ಅದೇ ಊರಿನಲ್ಲಿ ಡೊನಾಲ್ ಥಾಮಸ್ ತಂಡ ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿ ಮಾಡುತ್ತಿತ್ತು. ಅವರಿಗೆ ಔಷಧ, ರಕ್ತ, ಆಹಾರ ಎಲ್ಲವೂ ಒಂದೇ ದಾರಿಯಲ್ಲಿ ಹೋಗಬೇಕು, ಪರೀಕ್ಷೆಗೆ ರಕ್ತವನ್ನೂ ಅಲ್ಲಿಂದಲೇ ತೆಗೆಯಬೇಕು. ಬ್ರೋವಿಯಾಕನ ಕೊಳವೆಯ ಒಳಗಂಡಿ 1 ಮಿಲಿಮೀಟರ್. ಮಕ್ಕಳ ಕಿಡ್ನಿ ವೈದ್ಯ ರಾಬರ್ಟ್ ಹಿಕ್‌ಮನ್ ಅದನ್ನು 1.6 ಮಿಲಿಮೀಟರಿಗೆ ಹಿಗ್ಗಿಸಿ 1979ರಲ್ಲಿ ಪ್ರಕಟಿಸಿದ. ಹಿಕ್‌ಮನ್ ಲೈನ್ ಎಂಬ ಹೆಸರು ಇಂದಿಗೂ ವಾರ್ಡುಗಳಲ್ಲಿದೆ. 1982ರಲ್ಲಿ ನೀಡರ್‌ಹ್ಯೂಬರ್ ಮತ್ತು ಸಂಗಡಿಗರು ಹೊರಗೆ ನೇತಾಡುವ ತುದಿಯನ್ನೂ ಇಲ್ಲವಾಗಿಸಿದರು. ಎದೆಯ ಚರ್ಮದ ಕೆಳಗೆ ದಪ್ಪ ನಾಣ್ಯದಷ್ಟು ಅಗಲದ ಒಂದು ಪುಟ್ಟ ಡಬ್ಬಿ, ಅದರ ಮುಚ್ಚಳ ದಪ್ಪ ಸಿಲಿಕೋನ್, ಅದರಿಂದ ಹೊರಟ ಕೊಳವೆ ದೊಡ್ಡ ನರಕ್ಕೆ. ಔಷಧ ಕೊಡುವಾಗ ಚರ್ಮದ ಮೇಲಿಂದಲೇ ಮುಚ್ಚಳಕ್ಕೆ ಸೂಜಿ ಚುಚ್ಚಿದರಾಯಿತು. ಇದೇ ನಾವು ಕಿಮೋ ಪೋರ್ಟ್ ಎನ್ನುವುದು. ಸಾಮಾನ್ಯ ಸೂಜಿ ಸಿಲಿಕೋನನ್ನು ಕೊರೆದು ತೂತು ಉಳಿಸುತ್ತದೆ. ಇದಕ್ಕೆ ಬೇಕಾದದ್ದು ತುದಿ ಬಾಗಿದ ಹ್ಯೂಬರ್ ಸೂಜಿ. ಆ ಸೂಜಿಯಾದರೆ ಮುಚ್ಚಳ ಸಾವಿರ ಸಲ ಚುಚ್ಚಿದರೂ ತಡೆಯುತ್ತದೆ. ಇನ್ನೊಂದು ಅಗ್ಗದ ದಾರಿ ಪಿಕ್ ಲೈನ್: ಮೊಣಕೈಯ ಮೇಲಿನ ನರದಿಂದ ಸಣ್ಣ ಕೊಳವೆಯನ್ನು ಎದೆಯವರೆಗೆ ತೂರಿಸುವುದು, ಫೋರ್ಸ್‌ಮನ್ ತನಗೆ ತಾನೇ ಮಾಡಿಕೊಂಡದ್ದರ ಸಂಭಾವಿತ ರೂಪ. ಅದಕ್ಕೆ ಆಪರೇಷನ್ ಥಿಯೇಟರ್ ಬೇಕಿಲ್ಲ, ಆದರೆ ಹೊರತುದಿ ತೋಳಿನ ಮೇಲೆ ಇದ್ದೇ ಇರುತ್ತದೆ.

ಸಿಯಾಟಲ್ಲಿನಲ್ಲಿ ಇದೆಲ್ಲ ನಡೆಯುವಾಗ ನಮ್ಮ ಸೀಮೆ ಎಲ್ಲಿತ್ತು? 1941ರಲ್ಲಿ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ತೆರೆದಾಗ ಕೊಪ್ಪಳ, ಗಂಗಾವತಿ ನಿಜಾಮನ ರಾಜ್ಯದ ಅಂಚಿನ ಊರುಗಳು. 1948ರಲ್ಲಿ ಬಿಡುಗಡೆ, 1956ರಲ್ಲಿ ಕನ್ನಡ ನಾಡಿನೊಡನೆ ಸೇರ್ಪಡೆ. ನೆರೆಯ ಬಳ್ಳಾರಿಗೆ 1961ರಲ್ಲಿ ಮೆಡಿಕಲ್ ಕಾಲೇಜು ಬಂತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ, ಬ್ರೋವಿಯಾಕ್ ತನ್ನ ಕೊಳವೆಯ ಬಗ್ಗೆ ಬರೆದ ವರ್ಷವೇ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ, ಮೆಡಿಕಲ್ ಕಾಲೇಜು ಕಂಡದ್ದು 2015ರಲ್ಲಿ. ಹೀಗಾಗಿ ನಮ್ಮವರಿಗೆ ಕ್ಯಾನ್ಸರ್ ಚಿಕಿತ್ಸೆ ಎಂದರೆ ಹುಬ್ಬಳ್ಳಿಗೋ ಕಲಬುರಗಿಗೋ ಬಸ್ಸು, ಇಲ್ಲವೇ ರಾತ್ರಿಯಿಡೀ ಓಡಿ ಬೆಂಗಳೂರು ಮುಟ್ಟಿಸುವ ಹಂಪಿ ಎಕ್ಸ್‌ಪ್ರೆಸ್. ಆ ರೈಲಿನ ಜನರಲ್ ಬೋಗಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ತೊಡೆಯ ಮೇಲೆ ಎಕ್ಸ್‌ರೇ ಚೀಲ ಇಟ್ಟುಕೊಂಡು ಕೂತವರನ್ನು ನೋಡಿದವರಿಗೆ ಹೊರರೋಗಿ ಎಂಬ ಪದದ ಅರ್ಥ ಬೇರೆಯಾಗಿಯೇ ಕಾಣುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಸಂಜೆಗೆ ಮನೆಗೆ ಹೋಗುವವರು. ಅವರ ಲೆಕ್ಕದಲ್ಲಿ ಆ ಸಂಜೆ ಮರುದಿನ ಬೆಳಿಗ್ಗೆ ಮುಗಿಯುತ್ತದೆ.

2015ರಲ್ಲಿ ಕಿದ್ವಾಯಿಯ ಮಕ್ಕಳ ವಿಭಾಗದ ವೈದ್ಯರು ತಾವು ಪೋರ್ಟ್ ಹಾಕಿದ ಮಕ್ಕಳಲ್ಲಿ ಕಂಡ ತೊಂದರೆಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಒಂದು ಸಂಖ್ಯೆಯಿದೆ: 54,100 ಕ್ಯಾತಿಟರ್ ದಿನಗಳು. ಒಂದು ಮಗುವಿನ ಮೈಯಲ್ಲಿ ಒಂದು ಪೋರ್ಟ್ ಒಂದು ದಿನ ಇದ್ದರೆ ಅದು ಒಂದು ಕ್ಯಾತಿಟರ್ ದಿನ. ಕೂಡಿಸಿ ನೋಡಿದರೆ 148 ವರ್ಷ. ವೈದ್ಯರು ಹೀಗೆ ಎಣಿಸುವುದು ಸೋಂಕಿನ ದರ ಹೇಳಲು. ನಾನು ಅದನ್ನು ಬೇರೆ ರೀತಿ ಓದಿಕೊಂಡೆ. ಆ 148 ವರ್ಷಗಳ ಬಹುಭಾಗ ಕಳೆದದ್ದು ಆಸ್ಪತ್ರೆಯಲ್ಲಿ ಆಗಿರಲಾರದು. ಮನೆಗಳಲ್ಲಿ, ಬಸ್ಸುಗಳಲ್ಲಿ, ಶಾಲೆಯ ಬೆಂಚುಗಳ ಮೇಲೆ, ಅವ್ವಂದಿರ ಕಾವಲಿನಲ್ಲಿ.

ಆ ಕಾವಲು ಏನೆಂದು ತಿಳಿಯಲು ಹೇಮಗುಡ್ಡದ ಬದಿಯ ಊರೊಂದರಲ್ಲಿ ಭತ್ತದ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಆಕೆಗೆ ಪಿಕ್ ಲೈನ್ ಹಾಕಿ ಕಳಿಸಿದರೆ ವಾರಕ್ಕೊಮ್ಮೆ ಪಟ್ಟಿ ಬಿಚ್ಚಿ, ಔಷಧ ಹಚ್ಚಿ, ಸಲೈನ್ ಹಾಯಿಸಿ ತೊಳೆದು ಮತ್ತೆ ಕಟ್ಟಬೇಕು. ಕೈ ನೀರಿಗೆ ತಾಗುವಂತಿಲ್ಲ. ನಾಟಿ ಗದ್ದೆ, ಕಾಲುವೆ, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ನಿಷಿದ್ಧ. ಬೇಸಿಗೆಯ ಬೆವರಿಗೆ ಪಟ್ಟಿ ಅದಾಗಿಯೇ ಬಿಟ್ಟುಕೊಳ್ಳುತ್ತದೆ. "ಕೈಗೇನಾತಬೇ?" ಎಂದು ಊರೆಲ್ಲ ಕೇಳುತ್ತದೆ. ಪೋರ್ಟ್ ಆದರೆ ಕುಪ್ಪಸದೊಳಗೆ ಅಡಗಿರುತ್ತದೆ. ಗಾಯ ಮಾಗಿದ ಮೇಲೆ ಸ್ನಾನ ಮಾಡಬಹುದು, ಕೆಲಸಕ್ಕೂ ಹೋಗಬಹುದು, ಗವಿಮಠದ ಜಾತ್ರೆಗೂ. ಕಾಯಿಲೆಯನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಮತ್ತೆ ಆಕೆಯ ಕೈಗೆ ಬರುತ್ತದೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ನನ್ನನ್ನು ಕೇಳಿದರೆ, ನಗರದವರಿಗಿಂತ ಹಳ್ಳಿಯವರಿಗೇ ಪೋರ್ಟಿನ ಅಗತ್ಯ ಹೆಚ್ಚು. ಆದರೆ ಬೆಲೆ ಹೆಚ್ಚಿರುವುದೂ ಅದಕ್ಕೇ. ಅದನ್ನೂ ತಿಂಗಳಿಗೊಮ್ಮೆಯಾದರೂ ಹ್ಯೂಬರ್ ಸೂಜಿಯಿಂದ ತೊಳೆಯಬೇಕು ಎಂಬುದು ಹಳೆಯ ನಿಯಮ. ಈಚೆಗೆ ಮೂರು ತಿಂಗಳವರೆಗೂ ಬಿಡಬಹುದು ಎನ್ನುವ ವೈದ್ಯರು ಹೆಚ್ಚುತ್ತಿದ್ದಾರೆ. ತೊಳೆಯದಿದ್ದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ತೊಳೆದ ಮೇಲೆ ಚಳಿ ನಡುಕದ ಜ್ವರ ಬಂದರೆ ಅದು ಮಾತ್ರೆ ನುಂಗಿ ಮಲಗುವ ಜ್ವರವಲ್ಲ, ಕೊಳವೆಗೇ ಸೋಂಕಾಗಿರಬಹುದು. ಅದೇ ರಾತ್ರಿ ಆಸ್ಪತ್ರೆ ಸೇರಬೇಕು. ಕಿಮೋದಿಂದ ಮೈಯ ಬಿಳಿರಕ್ತಕಣ ಇಳಿದಿರುವಾಗ ಒಂದು ರಾತ್ರಿಯ ತಡವೂ ಜೀವಕ್ಕೆ ಮುಳುವಾಗಬಹುದು.

ಹಣದ ಮಾತು ಬಂದಾಗ ಒಂದು ಸಂಗತಿಯನ್ನು ನಮ್ಮವರು ಮರೆಯಬಾರದು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಗುಲ್ಬರ್ಗಾ ವಿಭಾಗದಲ್ಲಿ, ಅಂದರೆ ಕೊಪ್ಪಳವೂ ಸೇರಿದ ಜಿಲ್ಲೆಗಳಲ್ಲಿ. ಸಂಶೋಧಕರು ವಿಭಾಗದ ಗಡಿಯ ಈ ಬದಿಯ ಮತ್ತು ಆ ಬದಿಯ ಹಳ್ಳಿಗಳನ್ನು ಹೋಲಿಸಿದರು. ಮಣ್ಣು, ಮಾತು, ಬಡತನ ಒಂದೇ. ಯೋಜನೆ ಮಾತ್ರ ಒಂದು ಬದಿಗೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಫಲಿತಾಂಶ: ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಈ ಬದಿ 0.32 ಪ್ರತಿಶತ, ಆ ಬದಿ 0.90 ಪ್ರತಿಶತ. ಹಿಂದುಳಿದ ಸೀಮೆ ಎಂಬ ಪಟ್ಟವನ್ನೇ ಹೊತ್ತು ಬಂದ ನಮಗೆ, ಗಡಿಯ ಈ ಕಡೆ ಇದ್ದದ್ದೇ ಭಾಗ್ಯವಾದ ಅಪರೂಪದ ಸಂದರ್ಭ ಅದು. 2018ರಲ್ಲಿ ಆ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು.

ಸಮಸ್ಯೆಯ ಇನ್ನೊಂದು ಅರ್ಧ ದೂರ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಮೊದಲ ಸುತ್ತು ದೊಡ್ಡ ಆಸ್ಪತ್ರೆಯಲ್ಲಿ, ಉಳಿದ ಸುತ್ತುಗಳು ಊರಿಗೆ ಹತ್ತಿರ ಎಂಬುದು ಅದರ ಲೆಕ್ಕ. ಹಂಪಿ ಎಕ್ಸ್‌ಪ್ರೆಸ್ಸಿನ ಎಷ್ಟೋ ರಾತ್ರಿಗಳು ಇದರಿಂದ ಉಳಿಯಬಹುದು. ಇಂಥ ಕೇಂದ್ರಕ್ಕೆ ಒಳ್ಳೆಯ ಕುರ್ಚಿ, ಔಷಧದ ಫ್ರಿಜ್ಜು, ವೈದ್ಯರ ಹುದ್ದೆ ಎಲ್ಲವೂ ಬೇಕು ಸರಿಯೇ. ಬೆಂಗಳೂರಿನಲ್ಲಿ ಪೋರ್ಟ್ ಹಾಕಿಸಿಕೊಂಡು ಬಂದ ಹೆಣ್ಣುಮಗಳು ಅಲ್ಲಿಗೆ ಹೋದ ದಿನ, ಕಪಾಟಿನಲ್ಲಿ ಒಂದು ಹ್ಯೂಬರ್ ಸೂಜಿಯೂ ಇರಬೇಕು, ಅದನ್ನು ಚುಚ್ಚಿ ಕಲಿತ ಒಬ್ಬ ನರ್ಸಮ್ಮನೂ ಇರಬೇಕು. ಇಲ್ಲವಾದರೆ ಎದೆಯಲ್ಲಿ ದಾರಿ ಇಟ್ಟುಕೊಂಡೇ ಆಕೆ ಮತ್ತೆ ಮುಂಗೈ ಮುಂದೆ ಚಾಚಬೇಕಾಗುತ್ತದೆ, ರಬ್ಬರಿನ ಪಟ್ಟಿಗೆ.